ಪಕ್ಕದ ಮನೆ ಪ್ರಶ್ನೆ: ಕಾಕನ ಮನೆಯವರಿಗೆ ಮದುವೆಯಲ್ಲಿ ಏನು ಬಡಿಸೋದು?

ಹೊಸ ಓದುಗರಿಗೆ ಒಂದು ಮಾತು. ನಾನು ಮಡಿಕೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮೂವತ್ತು ವರ್ಷ ದಾಟಿತು. ಅರೆಭಾಷೆ ಗೌಡರ ಮನೆಯ ಹೆಣ್ಣು. ಅಂಗಡಿಯ ಗೋಡೆಯಲ್ಲಿ ಮೂರು ಕ್ಯಾಲೆಂಡರ್ ನೇತು ಹಾಕಿದ್ದೇನೆ. ಒಂದು ಪಂಚಾಂಗದ್ದು, ಒಂದು ಚರ್ಚಿನದ್ದು, ಇನ್ನೊಂದರಲ್ಲಿ ಹಿಜರಿ ತಿಂಗಳು ಇದೆ. ಭಕ್ತಿಗಲ್ಲ, ಬಟ್ಟೆ ಕೊಡಬೇಕಾದ ತಾರೀಕು ತಪ್ಪಬಾರದು ಅಂತ. ಕೈಲ್ ಪೊಳ್ದ್‌ಗೆ ಕೊಡಬೇಕಾದ ರವಿಕೆಯನ್ನು ಹಬ್ಬ ಕಳೆದ ಮೇಲೆ ಕೊಟ್ಟರೆ ಏನಾಗುತ್ತೆ ಅಂತ ಹೊಲಿಯುವವರಿಗೇ ಗೊತ್ತು!

ಅಳತೆ ತೆಗೆಯುವಾಗ ಹೆಂಗಸರು ಮನೆಯ ಎಲ್ಲ ವಿಷಯ ಹೇಳುತ್ತಾರೆ. ಬೇರೆ ಧರ್ಮದ ನೆರೆಯವರ ಜೊತೆ ಹೇಗೆ ನಡೆದುಕೊಳ್ಳೋದು ಅನ್ನುವ ಈ ಅಂಕಣ ಆ ಮಾತುಗಳಿಂದಲೇ ಹುಟ್ಟಿದ್ದು. ಈ ಸಲ ಬಂದ ಪತ್ರಗಳಲ್ಲಿ ಏಳನ್ನು ಆರಿಸಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಕ್ಕಾ, ಬರುವ ಏಪ್ರಿಲ್‌ನಲ್ಲಿ ನನ್ನ ಮಗನ ಮದುವೆ. ನಮ್ಮ ತೋಟಕ್ಕೆ ತಾಗಿದ ತೋಟ ಒಬ್ಬರು ಮುಸ್ಲಿಂ ಕಾಕನದು. ನಲವತ್ತು ವರ್ಷದ ಬಳಕೆ. ಅವರ ಮನೆಯ ಮದುವೆಗಳಿಗೆ ಹೋಗಿ ಬಿರಿಯಾನಿ ತಿಂದು ಬಂದಿದ್ದೇವೆ. ನಮ್ಮ ಕೊಡವರಲ್ಲಿ ಪಂದಿಕರಿ (ಹಂದಿ ಮಾಂಸದ ಅಡುಗೆ) ಇಲ್ಲದೆ ಮದುವೆ ಆಗಲ್ಲ, ಡ್ರಿಂಕ್ಸ್ ಕೂಡ ಇರುತ್ತೆ. ಅವರ ಕಡೆಯಿಂದ ಹತ್ತು ಹನ್ನೆರಡು ಜನ ಬರಬಹುದು. ಕರೆದು ಮುಜುಗರ ಮಾಡೋದು ಯಾಕೆ, ಸುಮ್ನೆ ಒಂದು ಸ್ವೀಟ್ ಬಾಕ್ಸ್ ಕಳಿಸೋಣ ಅಂತ ಮನೆಯವರು ಹೇಳುತ್ತಾರೆ. ಏನು ಮಾಡಲಿ? (ಮೂರ್ನಾಡು)

ಸ್ವೀಟ್ ಬಾಕ್ಸ್ ಮಾತ್ರ ಬೇಡ. ನಲವತ್ತು ವರ್ಷ ಒಂದೇ ಬೇಲಿಯ ಆಚೆ ಈಚೆ ಇದ್ದವರಿಗೆ ಅರ್ಧ ಕೆ.ಜಿ. ಮೈಸೂರ್ ಪಾಕ್ ಕಳಿಸಿದರೆ "ನೀವು ಬರಬೇಡಿ" ಅಂತ ಕಾಗದ ಬರೆದ ಹಾಗೆ. ಅವರು ಏನೂ ಹೇಳಲ್ಲ. ಬಾಕ್ಸ್ ತೆಗೆದುಕೊಂಡು ನಕ್ಕು ಒಳಗೆ ಇಡುತ್ತಾರೆ. ಮಾತು ನಿಲ್ಲುವುದು ಆಮೇಲೆ.

ಮೊದಲು ವಿಷಯ ತಿಳಿದುಕೊಳ್ಳಿ. "ಕೋಳಿ ತಾನೇ, ಹಂದಿ ಅಲ್ವಲ್ಲ" ಅಂದರೆ ಆಗಲ್ಲ. ಕೋಳಿಯಾದರೂ ಕುರಿಯಾದರೂ ಅಲ್ಲಾಹನ ಹೆಸರು ಹೇಳಿ ಕೊಯ್ದು, ರಕ್ತ ಹರಿದು ಹೋಗಲು ಬಿಟ್ಟಿರಬೇಕು. ಅದಕ್ಕೇ ಅವರು ಗೊತ್ತಿರುವ ಅಂಗಡಿಯಿಂದ ಮಾತ್ರ ತರುತ್ತಾರೆ. ಆಮೇಲೆ ಪಾತ್ರೆ. ಪಂದಿಕರಿ ಬೆಂದ ಕಡಾಯಿ, ಅದರಲ್ಲಿ ಆಡಿಸಿದ ಸೌಟು, ಹಂದಿ ಕಡಿದ ಮರದ ತುಂಡು, ಇವು ಯಾವುದೂ ಅವರ ಅಡುಗೆಗೆ ತಾಗಬಾರದು. ಅಡುಗೆಯವರಿಗೆ ಇದನ್ನು ಎರಡು ಸಲ ಹೇಳಬೇಕು. ಗಡಿಬಿಡಿಯಲ್ಲಿ ಅವರು ಕೈಗೆ ಸಿಕ್ಕ ಸೌಟು ತೆಗೆದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಒಂದು ಮನೆಗೆ ಮದುಮಗನ ಬಿಳಿ ಕುಪ್ಯ (ಕೊಡವರ ನಿಲುವಂಗಿ) ಹೊಲಿದುಕೊಟ್ಟೆ. ಅವರಿಗೂ ನಿಮ್ಮದೇ ಚಿಂತೆ. ಆ ಮನೆಯ ಹಿರಿಯರು ಸಂಜೆ ಕಾಕನ ಮನೆಗೆ ಹೋಗಿ ಜಗಲಿಯಲ್ಲಿ ಕೂತು ನೇರವಾಗಿ ಕೇಳಿದರು. "ಊಟದ ವಿಷಯ ನನಗೆ ಸರಿಯಾಗಿ ಗೊತ್ತಿಲ್ಲ. ನೀನೇ ಹೇಳು, ಹೇಗೆ ಮಾಡೋಣ?" ಕಾಕ ನಕ್ಕರಂತೆ. "ನನ್ನ ಬಾಪ ನಿಮ್ಮ ಮನೆ ಮದುವೆಗೆ ಬಂದು ಮೂಲೆಯಲ್ಲಿ ಕೂತು ನೂಪುಟ್ಟಿಗೆ (ಅಕ್ಕಿ ಶಾವಿಗೆ) ತುಪ್ಪ, ಬಾಳೆಹಣ್ಣು ಹಾಕಿ ತಿಂದು ಹೋಗುತ್ತಿದ್ದರು. ಇಷ್ಟು ವರ್ಷಕ್ಕೆ ಒಬ್ಬ ಕೇಳಿದೆಯಲ್ಲ! ಅದನ್ನು ನನಗೆ ಬಿಡು."

ಮದುವೆ ದಿನ ಅವರದೇ ಅಡುಗೆಯವನು ಬಂದ. ಅವರದೇ ದೊಡ್ಡ ದೇಕ್ಚಿ ಜೀಪಿನಲ್ಲಿ ಬಂತು. ಹಾಲ್‌ನ ಹಿಂದೆ, ಮುಖ್ಯ ಅಡುಗೆಮನೆಯಿಂದ ದೂರ, ಮೂರು ಕಲ್ಲಿಟ್ಟು ಒಲೆ ಹಾಕಿದರು. ತುಪ್ಪದನ್ನ, ಕೋಳಿ ಸಾರು. ದುಡ್ಡಿನ ವಿಷಯದಲ್ಲಿ ಮಾತ್ರ ಜಗಳ ಆಯಿತು. ಇವರು ಕೊಡುತ್ತೇನೆ ಅಂತಾರೆ, ಅವರು ಮುಟ್ಟಲ್ಲ. ಕಡೆಗೆ ಮೆಣಸು ಕೊಯ್ಲು ಮುಗಿದ ಮೇಲೆ ಇವರು ಒಂದು ಚೀಲ ಒಣಮೆಣಸು ಅವರ ಜಗಲಿಯಲ್ಲಿ ಇಳಿಸಿ ಹೇಳದೆ ಬಂದರು. ಆ ದಿನ ದೇಕ್ಚಿ ಮುಂದೆ ಸಾಲು ನಿಂತವರು ಯಾರು ಅಂದುಕೊಂಡಿರಿ? ಡಾಕ್ಟರು ಪಂದಿಕರಿ ಬಿಡಿ ಅಂದ ಕೊಡವ ಅಜ್ಜಂದಿರು. ಕಾಕನ ಮನೆಯವರಿಗೆ ಎರಡನೇ ಸಲ ಬಡಿಸಲು ಕೋಳಿ ಉಳಿಯಲಿಲ್ಲ. ನೀವು ಹತ್ತು ಜನಕ್ಕೆ ಅಂತ ಮಾಡಬೇಡಿ, ಐವತ್ತಕ್ಕೆ ಮಾಡಿಸಿ.

ಒಂದು ತಪ್ಪು ಮಾಡಬೇಡಿ. ಒಂದು ಮದುವೆಯಲ್ಲಿ ಟೇಬಲ್ ಮೇಲೆ "ಮುಸ್ಲಿಮರಿಗೆ" ಅಂತ ಬೋರ್ಡ್ ಇಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು. ಆದರೆ ಬಂದವರು ಬೋರ್ಡ್ ಕೆಳಗೆ ಮೆರವಣಿಗೆ ಹೋದ ಹಾಗೆ ಹೋಗಬೇಕಾಯಿತು. "ಹಲಾಲ್ ಕೋಳಿ" ಅಂತ ಅಡುಗೆಯ ಹೆಸರು ಬರೆದರೆ ಸಾಕು, ಬೇಕಾದವರು ಬರುತ್ತಾರೆ. ಡ್ರಿಂಕ್ಸ್ ಇಡುವ ಜಾಗದ ಪಕ್ಕ ಆ ಟೇಬಲ್ ಬೇಡ.

ಇನ್ನೊಂದು. ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿ ಇರುವ ಚೊಂಬು) ಹಾಲು ಕುಡಿಸಿ, ಕೈಗೆ ದುಡ್ಡಿಟ್ಟು ಹರಸುವಾಗ ಕಾಕನನ್ನೂ ಕರೆಯಿರಿ. ನಿಮ್ಮ ಮದುವೆಯಲ್ಲಿ ಪುರೋಹಿತರಿಲ್ಲ, ಹಿರಿಯರೇ ಎಲ್ಲ. ನಲವತ್ತು ವರ್ಷದ ನೆರೆಯವರು ಹಿರಿಯರಲ್ಲದೆ ಇನ್ನೇನು? ಕೈ ಹಿಡಿದು ಎಳೆಯಬೇಡಿ ಅಷ್ಟೇ. ಕೆಲವರು ಅಕ್ಕಿ ಹಾಕುತ್ತಾರೆ, ಕೆಲವರು ಕವರ್ ಕೊಟ್ಟು ಹುಡುಗನ ಕೈ ಹಿಡಿದು ನಿಲ್ಲುತ್ತಾರೆ. ಅವರು ಜಮ್ಮ ಮಾಪಿಳ್ಳೆಯವರಾಗಿದ್ದರೆ (ಕೊಡಗಿನ ಮುಸ್ಲಿಮರಲ್ಲಿ ಒಂದು ಪಂಗಡ) ಈ ಚಿಂತೆಯೂ ಇಲ್ಲ. ಅವರಲ್ಲಿ ಕೊಡವ ಮನೆಹೆಸರೇ ಇಟ್ಟುಕೊಂಡ ಮನೆತನಗಳಿವೆ, ಮನೆಯಲ್ಲಿ ಆಡುವುದು ಕೊಡವ ತಕ್ಕ್. ನಿಮ್ಮ ಪದ್ಧತಿ ನಿಮ್ಮ ಬೆಂಗಳೂರಿನ ಸೋದರಳಿಯನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

ಪ್ರಶ್ನೆ: ನಾನು ಗದಗದವಳು. ಗಂಡನಿಗೆ ಇಲ್ಲಿಗೆ ವರ್ಗ ಆಗಿ ಆರು ತಿಂಗಳಾಯಿತು. ಪಕ್ಕದ ಮನೆಯಲ್ಲಿ ಒಬ್ಬರು ಕ್ರೈಸ್ತ ಅಜ್ಜಿ ಇದ್ದಾರೆ. ಎಲ್ಲರೂ ಬಾಯಮ್ಮ ಅನ್ನುತ್ತಾರೆ. ಕ್ರಿಸ್ಮಸ್ ರಾತ್ರಿ ಪೂಜೆಗೆ ಚರ್ಚಿಗೆ ಬಾ ಅಂತ ಕರೆದಿದ್ದಾರೆ. ಹೋದರೆ ಏನು ಮಾಡಬೇಕು? ಪ್ರಸಾದ ಕೊಟ್ಟರೆ ತೆಗೆದುಕೊಳ್ಳಬಹುದೇ? (ವಿರಾಜಪೇಟೆ)

ಹೋಗಿ. ಆದರೆ ಪ್ರಸಾದದ ಸಾಲಿಗೆ ನಿಲ್ಲಬೇಡಿ. ಯಾಕೆ ಅಂತ ನನ್ನ ಕತೆಯಿಂದ ಹೇಳುತ್ತೇನೆ.

ಇಪ್ಪತ್ತೆರಡು ವರ್ಷದವಳಿದ್ದಾಗ ನಿಮ್ಮ ವಿರಾಜಪೇಟೆಯಲ್ಲೇ ಒಬ್ಬರು ಕೊಂಕಣಿ ಬಾಯಮ್ಮನ ಹತ್ತಿರ ಹೊಲಿಗೆ ಕಲಿಯುತ್ತಿದ್ದೆ. ಅವರ ಮನೆಯಲ್ಲೇ ವಾಸ. ಕ್ರಿಸ್ಮಸ್ ರಾತ್ರಿ ಸಂತ ಅನ್ನಮ್ಮ ಚರ್ಚಿಗೆ ಕರೆದುಕೊಂಡು ಹೋದರು. ಚಳಿ ಅಂದರೆ ಚಳಿ. ಪೂಜೆ ಚೆನ್ನಾಗಿತ್ತು, ಹಾಡು ಇನ್ನೂ ಚೆನ್ನಾಗಿತ್ತು. ಕೊನೆಗೆ ಎಲ್ಲರೂ ಎದ್ದು ಸಾಲು ನಿಂತರು. ಬಾಯಮ್ಮ ಮುಂದೆ ಹೋದರು, ನಾನೂ ಹಿಂದೆ ಹೋದೆ. ನನ್ನ ಸರದಿ ಬಂತು. ತೀರ್ಥಕ್ಕೆ ಹಿಡಿಯುವ ಹಾಗೆ ಬಲಗೈ ಗುಳಿ ಮಾಡಿ, ಕೆಳಗೆ ಎಡಗೈ ಇಟ್ಟು ನಿಂತೆ. ಫಾದರ್ ಬಿಳಿ ರೊಟ್ಟಿಯ ಚೂರು ಎತ್ತಿದರು. ನನ್ನ ಕುಂಕುಮ ನೋಡಿದರು. ಕೈ ಅಲ್ಲೇ ನಿಂತಿತು. ರೊಟ್ಟಿಯನ್ನು ಮೆಲ್ಲಗೆ ಪಾತ್ರೆಗೆ ಹಾಕಿ, ನನ್ನ ತಲೆ ಮೇಲೆ ಕೈಯಿಟ್ಟು "ದೇವರು ಒಳ್ಳೆಯದು ಮಾಡಲಿ" ಅಂದರು. ಕನ್ನಡದಲ್ಲೇ.

ನನಗೆ ಸಿಟ್ಟು. ದಾರಿಯಲ್ಲಿ ಬಾಯಮ್ಮನಿಗೆ ಹೇಳಿದೆ, "ಎಲ್ಲರಿಗೂ ಕೊಟ್ಟರು, ನನಗೆ ಮಾತ್ರ ತಲೆ ಸವರಿ ಕಳಿಸಿದರು." ಬಾಯಮ್ಮ ರಸ್ತೆ ಮಧ್ಯೆ ನಿಂತು ನಗಲು ಶುರು ಮಾಡಿದರು. ಲೈಟ್ ಕಂಬ ಹಿಡಿದುಕೊಳ್ಳುವಷ್ಟು ನಗು! ಮನೆಗೆ ಬಂದು ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ಡಬ್ಬಿ ತೆಗೆದು ನೆವ್ರಿ, ಕಿಡಿಯೊ, ರೋಸ್ ಕುಕಿ ಎಲ್ಲ ತಟ್ಟೆ ತುಂಬಾ ಇಟ್ಟು, "ಇದು ಪ್ರಸಾದ, ಎಷ್ಟು ಬೇಕಾದರೂ ತಿನ್ನು. ಅದು ಬೇರೆ" ಅಂದರು. ಆಮೇಲೆ ವಿವರಿಸಿದರು. ಆ ರೊಟ್ಟಿ ಅವರಿಗೆ ಕ್ರಿಸ್ತನ ಶರೀರ. ದೀಕ್ಷಾಸ್ನಾನ ಆಗಿ, ಮೊದಲ ಪರಮಪ್ರಸಾದ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಮಕ್ಕಳಿಗೂ ಮೊದಲ ಸಲ ಕೊಡುವ ಮುಂಚೆ ಪಾಠ ಮಾಡುತ್ತಾರೆ. ಈಗ ಆ ಮಕ್ಕಳ ಬಿಳಿ ಫ್ರಾಕನ್ನು ನಾನೇ ಹೊಲಿಯುತ್ತೇನೆ. ಸಾಲು ಎದ್ದಾಗ ನೀವು ಬೆಂಚಿನಲ್ಲೇ ಕೂತಿರಿ, ಯಾರೂ ತಿರುಗಿ ನೋಡಲ್ಲ. ಉಳಿದಂತೆ ಮುಂದಿನ ಬೆಂಚಿನವರು ಎದ್ದರೆ ಎದ್ದು ನಿಲ್ಲಿ, ಕೂತರೆ ಕೂರಿ.

ಆ ಚರ್ಚಿನ ಹುಟ್ಟನ್ನೂ ಬಾಯಮ್ಮನೇ ಹೇಳಿದ್ದು. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಜಾಗ ಕೊಟ್ಟವನು ಲಿಂಗಾಯತ ರಾಜ ದೊಡ್ಡವೀರರಾಜೇಂದ್ರ. ಚರ್ಚು ಶುರುವಾದದ್ದು 1792ರಲ್ಲಿ. ಬಾಯಮ್ಮ ಇದನ್ನು ಹೇಳುವಾಗ "ನಮ್ಮ ರಾಜ" ಅನ್ನುತ್ತಿದ್ದರು, ನಿನ್ನೆ ಮೊನ್ನೆ ಕಂಡು ಮಾತಾಡಿಸಿದವರ ಹಾಗೆ.

ಕುಸ್ವಾರು ಬಂದ ತಟ್ಟೆ ಖಾಲಿ ವಾಪಸ್ ಕಳಿಸಬೇಡಿ. ನೀವು ಗದಗದವರು, ಶೇಂಗಾ ಹೋಳಿಗೆ ಮಾಡಿ ಕಳಿಸಿ. (ಮಡಿಕೇರಿಗೆ ಬಂದರೆ ನನಗೂ ನಾಲ್ಕು ಇರಲಿ.) ಈಸ್ಟರಿಗೆ ಮುಂಚಿನ ನಲವತ್ತು ದಿನದಲ್ಲಿ ಕೆಲವರು ಮಾಂಸ ಬಿಟ್ಟಿರುತ್ತಾರೆ, ಅದೊಂದು ನೆನಪಿರಲಿ. ಸೆಪ್ಟೆಂಬರ್ 8ಕ್ಕೆ ಅವರಲ್ಲಿ ಮೊಂತಿ ಹಬ್ಬ, ಹೊಸ ಭತ್ತದ ತೆನೆ ಮನೆಗೆ ತರುವ ದಿನ. ಆಗ ನಮ್ಮ ಕೊಡಗಿನ ಗದ್ದೆಯಲ್ಲಿ ನಾಟಿ ಮುಗಿದು ಪೈರು ಇನ್ನೂ ಹಸಿರು. ತೆನೆ ಎಲ್ಲಿಂದ? ನನ್ನ ಬಾಯಮ್ಮನಿಗೆ ಘಟ್ಟದ ಕೆಳಗಿಂದ ಅವರ ತಮ್ಮ ಬಸ್ಸಿನಲ್ಲಿ ಕಳಿಸುತ್ತಿದ್ದರು. ನವೆಂಬರ್, ಡಿಸೆಂಬರಿನಲ್ಲಿ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಬಂದಾಗ ಪಕ್ಕದ ಕೊಡವರ ಮನೆಯವರು ಕದಿರು ಕೊಡುತ್ತಿದ್ದರು. ಬಾಯಮ್ಮ ಅದನ್ನೂ ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಆ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಹೊಸ ಬೆಳೆ.

ಪ್ರಶ್ನೆ: ನಮ್ಮ ಹಾರ್ಡ್‌ವೇರ್ ಅಂಗಡಿಗೆ ಬರುವ ಟಿಬೆಟಿಯನ್ ಹಿರಿಯರೊಬ್ಬರು ಲೋಸಾರ್ ಹಬ್ಬಕ್ಕೆ ಬೈಲುಕುಪ್ಪೆಯ ಮನೆಗೆ ಕರೆದಿದ್ದರು. ಕೊರಳಿಗೆ ಬಿಳಿ ಶಾಲು ಹಾಕಿದರು. ಬರುವಾಗ ಅದನ್ನು ಬೈಕಿನ ಕನ್ನಡಿಗೆ ಕಟ್ಟಿದೆ. ತಪ್ಪಾಯಿತಾ? (ಕುಶಾಲನಗರ)

ಅದರ ಹೆಸರು ಖಾತಾ. ಕನ್ನಡಿಗೆ ಕಟ್ಟಿದ್ದು ಅಂಥ ತಪ್ಪೇನಲ್ಲ, ಅದರಿಂದ ಬೈಕ್ ಒರೆಸದಿದ್ದರೆ ಸಾಕು. ಆದರೆ ನಮ್ಮ ಕೆಸರಿಗೆ ಎರಡು ದಿನದಲ್ಲಿ ಅದರ ಬಣ್ಣ ಏನಾಗುತ್ತೆ ಅಂತ ಯೋಚಿಸಿ. ಬಿಚ್ಚಿ ಮಡಿಸಿ ಮೇಲೆ ಎಲ್ಲಾದರೂ ಇಡಿ. ಮುಂದಿನ ವರ್ಷ ಕರೆದರೆ ನೀವೂ ಒಂದು ತೆಗೆದುಕೊಂಡು ಹೋಗಿ. ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ, "ತಾಶಿ ದೆಲೆಕ್" ಅಂತ ಕೊಡಿ. ಅವರು ಅದನ್ನೇ ತಿರುಗಿ ನಿಮ್ಮ ಕೊರಳಿಗೆ ಹಾಕಬಹುದು. ಬೇಡ ಅಂದರು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದು ಆಶೀರ್ವಾದ. ಒಬ್ಬ ಹುಡುಗ ಖಾತಾ ತಂದು "ಅಕ್ಕಾ, ಅಂಚು ಬಿಟ್ಟುಹೋಗಿದೆ, ಹೆಮ್ಮಿಂಗ್ ಮಾಡಿಕೊಡಿ" ಅಂದಿದ್ದ. ಬಿಟ್ಟುಹೋದದ್ದಲ್ಲ ಮಾರಾಯ, ಜಾಲರಿ ಹಾಗೇ ಇರೋದು.

ಬೆಣ್ಣೆ ಚಹಾ ಕೊಟ್ಟಿದ್ದರೆ ನಿಮ್ಮ ಮುಖ ಹೇಗಿತ್ತು ಅಂತ ಬರೆದಿಲ್ಲ. ಅದು ಉಪ್ಪು ಹಾಕಿದ ಚಹಾ. ಚಹಾ ಅಂದುಕೊಂಡು ಕುಡಿಯಬೇಡಿ, ಸಾರು ಅಂದುಕೊಳ್ಳಿ. ಬಟ್ಟಲು ಖಾಲಿಯಾದಷ್ಟೂ ತುಂಬುತ್ತಾರೆ. ಸಾಕು ಅನಿಸಿದರೆ ತುಂಬಿದ್ದನ್ನು ಹಾಗೇ ಬಿಡಿ, ಹೊರಡುವಾಗ ಕುಡಿಯಿರಿ. ಜೊತೆಗೆ ಕೊಡುವ ಖಪ್ಸೆ ಎಣ್ಣೆಯಲ್ಲಿ ಕರಿದದ್ದು, ಅದು ಯಾರಿಗೂ ಕಷ್ಟ ಆಗಲ್ಲ. ಅವರು ಅಲ್ಲಿ ನೆಲೆಸಿದ್ದು 1961ರಲ್ಲಿ. ಕಾವೇರಿ ದಾಟಿದರೆ ಜಿಲ್ಲೆ ಬೇರೆ ಅಷ್ಟೇ, ನಿಮ್ಮ ಪೇಟೆಗೆ ಅರವತ್ತು ವರ್ಷದ ಗಿರಾಕಿಗಳು.

ಪ್ರಶ್ನೆ: ನಾನು ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ರಂಜಾನಿನಲ್ಲಿ ಉಪವಾಸ ಇರುವ ಕೆಲಸದವರ ಮುಂದೆ ಬುತ್ತಿ ಬಿಚ್ಚಲು ಸಂಕೋಚ. ಗೋಡೌನಿನ ಒಳಗೆ ಕದ್ದು ತಿನ್ನುತ್ತೇನೆ. ಸರಿಯೇ? (ಸಿದ್ದಾಪುರ)

ಕದ್ದು ತಿನ್ನುವಂಥದ್ದೇನಿದೆ? ನೀವು ಹೊರಗೆ ಕೂತು ತಿನ್ನಿ. ಉಪವಾಸ ಅವರು ತಾವಾಗೇ ಹಿಡಿದದ್ದು, ನಿಮ್ಮ ಮೊಸರನ್ನ ನೋಡಿ ಮುರಿಯಲ್ಲ. "ಒಂದು ಗುಟುಕು ನೀರಾದರೂ ಕುಡಿ" ಅಂತ ಒತ್ತಾಯ ಮಾಡಬೇಡಿ ಅಷ್ಟೇ. ನೀರೂ ಇಲ್ಲ, ಸೂರ್ಯ ಮುಳುಗುವವರೆಗೆ.

ಯೋಚನೆ ಮಾಡಬೇಕಾದ್ದು ಬೇರೆ ಇದೆ. ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹಾಗಾಗಿ ರಂಜಾನ್ ವರ್ಷ ವರ್ಷ ಹಿಂದೆ ಸರಿಯುತ್ತೆ. 1998ರಲ್ಲಿ ಜನವರಿಯಲ್ಲಿತ್ತು, ಕಾಫಿ ಕೊಯ್ಲಿನ ಹೊತ್ತು. 2018ರಲ್ಲಿ ಹಬ್ಬ ಬಂದದ್ದು ಜೂನ್ ಮಧ್ಯದಲ್ಲಿ, ಒದ್ದೆ ಬಟ್ಟೆಗೆ ಇಸ್ತ್ರಿ ಹಾಕಿ ಕೊಟ್ಟೆ. 2026ಕ್ಕೆ ಫೆಬ್ರವರಿ, ಮಾರ್ಚ್, ಅಂದರೆ ಮೆಣಸಿನ ಹೊತ್ತು. ಮೆಣಸು ಅಂದರೆ ಏಣಿ. ಬಾಯಾರಿ ತಲೆ ತಿರುಗುವ ಮೂರು ಗಂಟೆ ಬಿಸಿಲಲ್ಲಿ ಮರದ ಮೇಲೆ ಏಣಿಯಲ್ಲಿ ಯಾರೂ ನಿಲ್ಲಬಾರದು. ಬೆಳಗ್ಗೆ ಬೇಗ ಶುರು ಮಾಡಿ ಬೇಗ ಬಿಡಲು ಸಾಹುಕಾರರ ಹತ್ತಿರ ಮಾತಾಡಿ. ಅದು ನಿಮ್ಮ ಕೈಲಾಗುವ ಕೆಲಸ.

ಇನ್ನೊಂದು, ಇದು ಗಂಡಸರಿಗೆ ಹೊಳೆಯಲ್ಲ. ಹೆಣ್ಣಾಳುಗಳಲ್ಲಿ ಯಾರಾದರೂ ನೀರು ಕುಡಿಯುವುದು ಕಂಡರೆ "ಏನು, ಇವತ್ತು ಉಪವಾಸ ಇಲ್ವಾ?" ಅಂತ ಎಲ್ಲರೆದುರು ಕೇಳಬೇಡಿ. ತಿಂಗಳ ಮುಟ್ಟಿನ ದಿನಗಳಲ್ಲಿ ಅವರಿಗೆ ಉಪವಾಸ ಇಲ್ಲ. ಬಸುರಿ, ಬಾಣಂತಿ, ಕಾಯಿಲೆಯವರಿಗೂ ರಿಯಾಯಿತಿ ಇದೆ. ನಾನೇ ಹೀಗೆ ಕೇಳಿ, ಆ ಹುಡುಗಿ ಕೆಂಪಾಗಿ ಟೇಪಿನ ತುದಿ ನೋಡುತ್ತಾ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಪ್ರಶ್ನೆ: ನನ್ನ ಜೊತೆ ಓದಿದ ಮುಸ್ಲಿಂ ಗೆಳೆಯನ ತಂದೆ ತೀರಿಕೊಂಡರು. ಬೆಳಗ್ಗೆ ಸುದ್ದಿ ಬಂತು, ಹೂವಿನ ಹಾರ ಮಾಡಿಸಿಕೊಂಡು ಸಂಜೆ ಹೋದೆ. ಮಧ್ಯಾಹ್ನವೇ ಮಣ್ಣು ಮಾಡಿ ಬಂದಿದ್ದರು. ಹಾರ ಕೈಯಲ್ಲೇ ಉಳಿಯಿತು. ಅವನಿಗೆ ಬೇಸರವಾಗಿರಬಹುದೇ? (ಸುಂಟಿಕೊಪ್ಪ)

ಹಾರ ನೋಡಿ ಬೇಸರ ಆಗಿರಲ್ಲ, ನೀವು ಬಂದದ್ದು ನೋಡಿ ಸಮಾಧಾನ ಆಗಿರುತ್ತೆ. ಮುಂದಕ್ಕೆ ತಿಳಿದಿರಲಿ. ಮುಸ್ಲಿಮರಲ್ಲಿ ತಡ ಮಾಡಲ್ಲ. ಹೆಚ್ಚಾಗಿ ಅದೇ ದಿನ ಮುಗಿಸುತ್ತಾರೆ, ದೂರದ ಮಕ್ಕಳು ಬರಲಿ ಅಂತ ತುಂಬಾ ಕಾಯಲ್ಲ. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ, ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಇದನ್ನೂ ಹಾಗೇ ಅಂದುಕೊಳ್ಳಿ. ಹಾರ ಬೇಕಿಲ್ಲ. ಗೋರಿಯ ಹತ್ತಿರ ಎಲ್ಲರೂ ಮೂರು ಹಿಡಿ ಮಣ್ಣು ಹಾಕುತ್ತಾರೆ. ನೀವೂ ಹಾಕಬಹುದೇ ಅಂತ ಪಕ್ಕದ ಹಿರಿಯರನ್ನು ಮೆಲ್ಲಗೆ ಕೇಳಿ. ನಮ್ಮ ಮನೆಯವರಿಗೆ ಯಾರೂ ಬೇಡ ಅಂದದ್ದಿಲ್ಲ.

ಸಾವಿನ ಮನೆಗೆ ನೆರೆಯವರು ಅಡುಗೆ ಮಾಡಿ ಕಳಿಸುವ ರೂಢಿ ಅವರಲ್ಲೂ ಇದೆ. ಅನ್ನ, ತಿಳಿಸಾರು, ಪಲ್ಯ ಕಳಿಸಿ. ಮಾಂಸ ಬೇಡ, ಕಾರಣ ಮೊದಲ ಉತ್ತರದಲ್ಲಿ ಹೇಳಿದೆನಲ್ಲ.

ನಮ್ಮ ಬೀದಿಯ ಒಬ್ಬರು ಉಮ್ಮನಿಗೆ ಇಪ್ಪತ್ತು ವರ್ಷ ಬಟ್ಟೆ ಹೊಲಿದಿದ್ದೆ. ಅವರ ಗಂಡ ತೀರಿಕೊಂಡ ದಿನ ಒಳಗೆ ಅವರ ಪಕ್ಕ ಕೂತಿದ್ದೆ. ಹೆಂಗಸರು ಗೋರಿಗೆ ಹೋಗಲ್ಲ. ಅಂಗಡಿಯಿಂದ ಬಿಳಿ ಬಟ್ಟೆ ತಂದರು. ಗಂಡಸಿಗಾದರೆ ಮೂರು ತುಂಡು, ಹೆಂಗಸಿಗೆ ಐದು. ನನ್ನ ಕೈ ಸುಮ್ಮನಿರಲ್ಲ, ಅಂಚು ಮಡಿಸಲು ಬೇಕೇನೋ ಅಂತ ಚೀಲದಲ್ಲಿ ಸೂಜಿ ಹುಡುಕಿದೆ. ಉಮ್ಮ ನನ್ನ ಮಣಿಕಟ್ಟು ಹಿಡಿದರು. "ಇದಕ್ಕೆ ಹೊಲಿಗೆ ಇಲ್ಲ ಮಗಳೇ" ಅಂದರು. ಅಷ್ಟು ಹೊತ್ತು ಅಳದೆ ಕೂತವಳು ಆಗ ಅತ್ತೆ.

ಪ್ರಶ್ನೆ: 2018ರಲ್ಲಿ ಗುಡ್ಡ ಕುಸಿದಾಗ ಎಲ್ಲ ಧರ್ಮದವರೂ ಒಂದೇ ಹಾಲ್‌ನಲ್ಲಿ ಮಲಗಿದ್ದೆವು. ಈಗ ನಮ್ಮ ಏರಿಯಾದ ವಾಟ್ಸಾಪ್ ಗುಂಪು ತೆರೆದರೆ ಮುಸ್ಲಿಮರನ್ನು ಬೈಯುವ ಮೆಸೇಜ್ ನೋಡಿ ಹೊಟ್ಟೆ ಉರಿಯುತ್ತೆ. ಆವತ್ತಿನದು ನಾಟಕವಾ? (ಮಡಿಕೇರಿ)

ನಾಟಕ ಅಲ್ಲ. ಆದರೆ ಎಲ್ಲ ದಿನವೂ ಆವತ್ತಿನ ಹಾಗೆ ಇರುತ್ತೆ ಅಂದುಕೊಂಡದ್ದು ನಮ್ಮ ತಪ್ಪು. ಅದಕ್ಕಿಂತ ಮೊದಲೂ ಎಲ್ಲ ಸಕ್ಕರೆಯಾಗಿರಲಿಲ್ಲ. 2015ರ ನವೆಂಬರ್ 10, ಟಿಪ್ಪು ಜಯಂತಿ ದಿನ ಇದೇ ಪೇಟೆಯಲ್ಲಿ ಗಲಾಟೆಯಾಗಿ ಜೀವ ಹೋಯಿತು. ನಾನು ಶಟರ್ ಎಳೆದು ಒಳಗೆ ಕೂತಿದ್ದೆ. ಆಮೇಲೆ ಎಷ್ಟೋ ದಿನ ಗಿರಾಕಿಗಳು ಬಂದು ಬಟ್ಟೆ ತೆಗೆದುಕೊಂಡು, ದುಡ್ಡು ಕೊಟ್ಟು, ಒಂದು ಮಾತೂ ಆಡದೆ ಹೋಗುತ್ತಿದ್ದರು. ಅಳತೆ ತೆಗೆಯುವಾಗ ಮಾತಾಡದ ಹೆಂಗಸರನ್ನು ನಾನು ನೋಡಿದ್ದು ಆಗಲೇ.

2018ರ ಆಗಸ್ಟಿನದು ಹೇಳುತ್ತೇನೆ. 22ಕ್ಕೆ ಬಕ್ರೀದ್ ಇತ್ತು. ಸ್ವಾತಂತ್ರ್ಯ ದಿನದ ಹೊತ್ತಿಗೆ ನನ್ನ ಅಂಗಡಿ ತುಂಬಾ ಹಬ್ಬದ ಬಟ್ಟೆ. ಮಳೆ ನಿಲ್ಲಲಿಲ್ಲ. ಕರೆಂಟ್ ಹೋಯಿತು, ಹಳೆಯ ಕಾಲು ಮೆಷಿನ್ ಹೊರಗೆ ತೆಗೆದೆ. ಆಮೇಲೆ ಗುಡ್ಡ ಕುಸಿದ ಸುದ್ದಿ, ರಸ್ತೆ ಹೋದ ಸುದ್ದಿ. ಮಕ್ಕಂದೂರು ಕಡೆಯ ಒಬ್ಬ ಹೆಂಗಸು ಮೂರು ಹೆಣ್ಣುಮಕ್ಕಳಿಗೆ ಮೂರು ಹಸಿರು ಫ್ರಾಕ್ ಹೊಲಿಯಲು ಕೊಟ್ಟಿದ್ದಳು. ಅವಳು ಕ್ಯಾಂಪಿನಲ್ಲಿದ್ದಾಳೆ ಅಂತ ಗೊತ್ತಾಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಮಕ್ಕಳು ಯಾರೋ ಕೊಟ್ಟ ದೊಡ್ಡವರ ಸ್ವೆಟರ್ ಹಾಕಿಕೊಂಡು ಕೂತಿದ್ದವು. ಪಕ್ಕದ ಚಾಪೆಯಲ್ಲಿ ಒಂದು ಗೌಡರ ಮನೆ. ಅವರ ಮಗು ಫ್ರಾಕ್ ನೋಡುತ್ತಾ ಇತ್ತು. ಏನೂ ಕೇಳಲಿಲ್ಲ, ಸುಮ್ನೆ ನೋಡುತ್ತಾ ಇತ್ತು. ಫ್ರಾಕ್ ಹೊಲಿಸಿದ ತಾಯಿ ಮೂರರಲ್ಲಿ ಒಂದನ್ನು ತೆಗೆದು ಆ ಮಗುವಿನ ಮೈಗೆ ಹಿಡಿದು ನೋಡಿದಳು. "ಅಕ್ಕಾ, ನಾಲ್ಕು ಬೆರಳು ಉದ್ದ ಆಗುತ್ತಲ್ಲಾ?" ಅಂತ ನನ್ನನ್ನು ಕೇಳಿದಳು. ನಾನು ಅಲ್ಲೇ ಕೂತು ಕೆಳಗಿನ ಅಂಚು ಮಡಿಸಿ ಹೊಲಿದೆ. ನಿನ್ನ ಕೊನೆಯವಳಿಗೆ? ಅಂದೆ. "ಅವಳಿಗೆ ದೊಡ್ಡವಳದ್ದು ಹೇಗೂ ಬರುತ್ತೆ" ಅಂದಳು. ಎರಡು ತಿಂಗಳ ಮೇಲೆ ಹೊಲಿಗೆ ಕೂಲಿ ಕೊಡಲು ಬಂದಳು. ಬೇಡ ಅಂದೆ. ಮೆಷಿನ್ ಮೇಲಿಟ್ಟು ಹೋದಳು. ಹಬ್ಬದ ಬಟ್ಟೆಯ ಕೂಲಿ ಬಾಕಿ ಇಡಬಾರದಂತೆ.

ವಾಟ್ಸಾಪಿನ ವಿಷಯ. ಅಂಥದ್ದನ್ನು ಕಳಿಸುವವರೊಬ್ಬರು ನನ್ನ ಗಿರಾಕಿಯೇ. ಪ್ಯಾಂಟ್ ಸೊಂಟ ಬಿಡಿಸಲು ಬಂದಾಗ ಕೇಳಿದೆ, "ಅಣ್ಣಾ, ನೀವು ಮೀನು ತರೋದು ಯಾರ ಹತ್ತಿರ?" "ನಮ್ಮ ಕಾಕನ ಹತ್ತಿರ." "ಮತ್ತೆ ಬೆಳಗ್ಗೆ ಕಳಿಸಿದ್ದು?" "ಅಯ್ಯೋ, ಅದು ಬೇರೆ. ನಮ್ಮ ಕಾಕ ಅಂಥವನಲ್ಲ." ಇದಕ್ಕೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಈಗಲೂ ತೋಚಿಲ್ಲ. ಅವರ ಪ್ಯಾಂಟ್ ಸರಿಯಾಗೇ ಹೊಲಿದೆ, ಆದರೆ ಒಂದು ವಾರ ಬೇಕಂತಲೇ ತಡ ಮಾಡಿದೆ. ಅದು ತಪ್ಪು, ಗೊತ್ತು. ನಿಮಗೆ ನಾನು ಹೇಳುವುದು ಇಷ್ಟೇ: ಗುಂಪಿನಲ್ಲಿ ವಾದ ಮಾಡಬೇಡಿ, ಅಲ್ಲಿ ಯಾರೂ ಸೋ‌ಲಲ್ಲ. ಕ್ಯಾಂಪಿನಲ್ಲಿ ನಿಮ್ಮ ಪಕ್ಕ ಮಲಗಿದವರ ನಂಬರ್ ಇದ್ದರೆ ಫೋನ್ ಮಾಡಿ, ಈಗ ಎಲ್ಲಿದ್ದಾರೆ ಕೇಳಿ.

ಪ್ರಶ್ನೆ: ಆಂಟಿ, ನಾನು ಐದನೇ ಕ್ಲಾಸ್. ಓಂಕಾರೇಶ್ವರ ದೇವಸ್ಥಾನದ ಮೇಲೆ ಮಸೀದಿ ತರ ಗುಮ್ಮಟ ಯಾಕಿದೆ? (ಮಡಿಕೇರಿ)

ಒಳ್ಳೆಯ ಕಣ್ಣು ಮರಿ ನಿನ್ನದು! ಅದನ್ನು ಕಟ್ಟಿಸಿದ್ದು ಲಿಂಗರಾಜೇಂದ್ರ ಅನ್ನುವ ರಾಜ, 1820ರಲ್ಲಿ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಮಿನಾರು, ಒಳಗೆ ಶಿವಲಿಂಗ. ಆಗ ಆ ರೀತಿಯ ಕಟ್ಟಡ ರಾಜರಿಗೆ ಇಷ್ಟವಾಗಿತ್ತು. ಗದ್ದಿಗೆಗೆ ಹೋಗಿ ನೋಡು, ಆ ರಾಜರ ಸಮಾಧಿಗಳ ಮೇಲೂ ಅಂಥದ್ದೇ ಗುಮ್ಮಟ ಇದೆ. ಮಳೆಗಾಲದ ಬೆಳಗ್ಗೆ ಅಪ್ಪನ ಜೊತೆ ದೇವಸ್ಥಾನಕ್ಕೆ ಹೋಗು. ಮಂಜು ಮುಸುಕಿದಾಗ ಕೊಳ ಕಾಣಲ್ಲ, ಗೋಡೆ ಕಾಣಲ್ಲ, ಗುಮ್ಮಟ ಒಂದೇ ಮೇಲೆ ತೇಲುತ್ತಾ ಇರುತ್ತೆ. ಅದನ್ನು ಬಿಡಿಸಿ ನನಗೆ ಕಳಿಸು. ನಾಲ್ಕನೇ ಕ್ಯಾಲೆಂಡರಿಗೆ ಗೋಡೆಯಲ್ಲಿ ಮೊಳೆ ಖಾಲಿ ಇದೆ, ಅಲ್ಲಿ ತೂಗು ಹಾಕುತ್ತೇನೆ.